ಕೊಯ್ದ ಗದ್ದೆ, ಬತ್ತುವ ಕೆರೆ: ಶಿಕಾರಿಪುರ–ಸೊರಬ ಸೀಮೆಯ ಬೇಸಿಗೆಯ ಕಲೆ, ಆಟ, ಕೂಟ

ಶಿವಮೊಗ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಲೆನಾಡು ತೆಳುವಾಗುತ್ತ ಬಯಲುಸೀಮೆಯನ್ನು ಸೇರುವ ಅರೆಮಲೆನಾಡಿನ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಬೇಸಿಗೆಯ ಬಿಡುವನ್ನು ನಿರ್ಧರಿಸುವುದು ಶಾಲೆಯ ರಜೆಗಿಂತ ಹೆಚ್ಚಾಗಿ ಹೊಲಗದ್ದೆಯ ಕೆಲಸ. ಭತ್ತದ ಒಕ್ಕಲು ಮತ್ತು ಅಡಿಕೆಯ ಸುಗ್ಗಿ ಮುಗಿದ ಮೇಲೆ ಆರಂಭವಾಗಿ, ಮುಂಗಾರಿನ ಮೊದಲ ಹದಕ್ಕೆ ನೇಗಿಲು ಹೂಡುವವರೆಗೆ ಉಳಿಯುವ ಈ ಮೂರು ತಿಂಗಳಲ್ಲಿ ಜಾತ್ರೆ, ತೇರು, ಯಕ್ಷಗಾನ, ನಾಟಕ, ಕಬಡ್ಡಿ, ವಾಲಿಬಾಲ್, ಕೆರೆಬೇಟೆ, ಮಕ್ಕಳ ಶಿಬಿರ, ನೆಂಟರ ಮನೆಯ ಓಡಾಟ ಎಲ್ಲವೂ ಒತ್ತಾಗಿ ಬರುತ್ತವೆ. ಆದರೂ ಓದಿ ಬೆಂಗಳೂರು ಸೇರಿದ ತರುಣರಲ್ಲಿ, ವರ್ಗವಾಗಿ ಬಂದ ನೌಕರರ ಕುಟುಂಬಗಳಲ್ಲಿ, ಪೇಟೆಯಲ್ಲಿ ಬಾಡಿಗೆಗಿರುವ ಶಿಕ್ಷಕಿಯರಲ್ಲಿ ಈ ಎರಡು ಊರುಗಳ ಬಗ್ಗೆ ಪದೇ ಪದೇ ಕೇಳಿಬರುವ ದೂರು, ಇಲ್ಲಿ ಸಂಜೆಗೆ ಹೋಗುವುದಕ್ಕೆ ಏನೂ ಇಲ್ಲ ಎಂಬುದು. ದೂರು ಹೇಳುವವರು ಸುಳ್ಳು ಹೇಳುತ್ತಿಲ್ಲ; ಅದಕ್ಕೆ ಉತ್ತರವಾಗಿ ಜಾತ್ರೆಗಳ ಪಟ್ಟಿ ಕೊಡುವ ಸ್ಥಳೀಯರೂ ತಪ್ಪು ಹೇಳುತ್ತಿಲ್ಲ. ಈ ಸೀಮೆಯ ಬೇಸಿಗೆಗೆ ಕಲೆಯ ಬಡತನವಿಲ್ಲ, ಆಟದ ಬಡತನವೂ ಇಲ್ಲ. ಅದರ ದೌರ್ಬಲ್ಯವಿರುವುದು ಬೇರೆ ಎರಡು ಕಡೆ. ಒಂದು, ಈ ಕೂಟಗಳೆಲ್ಲ ನಿಂತಿರುವ ನೆಲವು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಸಾರ್ವಜನಿಕರಿಗೆ ಬಿಡುವಾಗುವ ಖಾಸಗಿ ಗದ್ದೆಯೋ ನೀರಿಳಿದ ಕೆರೆಯೋ ಆಗಿರುವುದು. ಇನ್ನೊಂದು, ಅವುಗಳ ಸುದ್ದಿಯು ಪರಿಚಯದ ದಾರಿಯಲ್ಲಿ ಮಾತ್ರ ಹರಿಯುವುದು. ಬೇಸಿಗೆಯ ಈ ಒಟ್ಟು ಪದ್ಧತಿಯನ್ನು ಒಂದು ಸಾಂಸ್ಕೃತಿಕ ಕೃತಿಯೆಂದೇ ಎದುರಿಗಿಟ್ಟುಕೊಂಡು ಪರಿಶೀಲಿಸಿದರೆ, ಅದರಲ್ಲಿ ಮೆಚ್ಚಬೇಕಾದುದು ಎಷ್ಟಿದೆಯೋ ತಿದ್ದಬೇಕಾದುದೂ ಅಷ್ಟೇ ಇದೆ.

ಸುದ್ದಿ ಹರಿಯುವ ದಾರಿಯ ಮುಖ್ಯ ಸಾಧನ ಕರಪತ್ರ, ಅಂದರೆ ಹಳದಿ ಅಥವಾ ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಅಚ್ಚಾಗಿ ಅಂಗಡಿ, ಹೋಟೆಲು, ಬಸ್ಸುಗಳಲ್ಲಿ ಹಂಚಿಕೆಯಾಗುವ ಒಂದು ಹಾಳೆಯ ಆಮಂತ್ರಣ. ಈಗ ಅದೇ ಹಾಳೆಯ ಚಿತ್ರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಅದರ ರಚನೆಯನ್ನು ಗಮನಿಸಿ ಓದಿದರೆ ಈ ಸಮಾಜವು ಕೂಟವನ್ನು ಹೇಗೆ ಕಲ್ಪಿಸಿಕೊಂಡಿದೆ ಎಂಬುದು ಸ್ಪಷ್ಟವಾಗುತ್ತದೆ. ನೆತ್ತಿಯ ಮೇಲೆ ದೇವರ ಹೆಸರು, ಅದರ ಕೆಳಗೆ ಸಂವತ್ಸರ, ಮಾಸ, ತಿಥಿ, ವಾರ. ಬಳಿಕ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಗೌರವ ಉಪಸ್ಥಿತಿ ಎಂಬ ಶೀರ್ಷಿಕೆಗಳಡಿ ಗಣ್ಯರ ಸಾಲು. ಅದು ಮುಗಿದ ಮೇಲೆ ಸಣ್ಣ ಅಕ್ಷರಗಳಲ್ಲಿ ಭಾಗವತರು, ಮದ್ದಳೆ, ಚೆಂಡೆ, ಮುಮ್ಮೇಳದ ಕಲಾವಿದರು. ತುದಿಯಲ್ಲಿ ಸರ್ವರಿಗೂ ಆದರದ ಸ್ವಾಗತ ಮತ್ತು ತನು ಮನ ಧನಗಳಿಂದ ಸಹಕರಿಸಬೇಕೆಂಬ ವಿನಂತಿ. ಹೊನಲು ಬೆಳಕಿನ ಪಂದ್ಯಾವಳಿಯ, ಎಂದರೆ ರಾತ್ರಿ ದೀಪಗಳ ಕೆಳಗೆ ನಡೆಯುವ ಕಬಡ್ಡಿ ಅಥವಾ ವಾಲಿಬಾಲ್ ಪಂದ್ಯಗಳ, ಕರಪತ್ರದಲ್ಲಿ ದೇವರ ಜಾಗಕ್ಕೆ ಯುವಕ ಸಂಘದ ಹೆಸರು ಬರುತ್ತದೆ, ಮೊದಲ ನಾಲ್ಕು ಬಹುಮಾನಗಳ ಮೊತ್ತ ಮತ್ತು ಅವುಗಳ ದಾನಿಗಳ ಹೆಸರು ದೊಡ್ಡದಾಗಿ ಬರುತ್ತವೆ, ತೀರ್ಪುಗಾರರ ತೀರ್ಮಾನವೇ ಅಂತಿಮ ಎಂಬ ಸೂಚನೆ ತಪ್ಪದೆ ಬರುತ್ತದೆ. ಎರಡೂ ಬಗೆಯ ಹಾಳೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಗಳು ಬೇರೆ ಊರಿನವರಿಗೆ ಅತಿ ಅಗತ್ಯವಾದವು: ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಆ ಹೊತ್ತಿಗೆ ಬಸ್ಸು ಇದೆಯೇ, ಹೆಂಗಸರಿಗೆ ಕೂರುವ ಜಾಗವೂ ಶೌಚಾಲಯವೂ ಎಲ್ಲಿವೆ. ಕರಪತ್ರವು ಊರಿನ ದಾರಿ ಬಲ್ಲವನಿಗಾಗಿ ಬರೆದ ಪತ್ರ. ಎಲ್ಲರನ್ನೂ ಕರೆಯುವ ಅದರ ಔದಾರ್ಯ ನಿಜವಾದುದು. ಊಟದ ಹೊತ್ತಿಗೆ ಬಂದ ಅಪರಿಚಿತರನ್ನು ಪ್ರಸಾದದ ಪಂಕ್ತಿಗೆ ಕೂರಿಸದೆ ಕಳುಹಿಸುವ ಜಾತ್ರೆ ಈ ಸೀಮೆಯಲ್ಲಿ ಅಪರೂಪ. ಆದರೆ ಆ ಔದಾರ್ಯವು ಬಂದವರ ಮೇಲೆ ಹರಿಯುತ್ತದೆಯೇ ಹೊರತು, ಬರಲಾಗದವರು ಯಾಕೆ ಬರಲಿಲ್ಲ ಎಂಬ ವಿಚಾರಣೆಯವರೆಗೆ ಹೋಗುವುದಿಲ್ಲ.

ಬೇಸಿಗೆಯ ದಿನಗಳ ಲೆಕ್ಕವನ್ನು ಇಲ್ಲಿ ಪಂಚಾಂಗವೇ ಹಿಡಿದಿದೆ. ಚೈತ್ರದಲ್ಲಿ ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರು ಬರುತ್ತದೆ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶರೊಡನೆ ಭ್ರಾಂತೇಶನೆಂದು ಎಣಿಕೆಯಾಗುವ ಈ ಆಂಜನೇಯನಿಗೆ ನೆರೆಯ ಹಾವೇರಿ ಜಿಲ್ಲೆಯಿಂದಲೂ ಭಕ್ತರು ನಡೆದುಕೊಳ್ಳುತ್ತಾರೆ. ಅದೇ ಮಾಸದ ದವನದ ಹುಣ್ಣಿಮೆ ಅಕ್ಕಮಹಾದೇವಿಯ ಜಯಂತಿಯ ದಿನ. ಅಕ್ಕನ ಊರಾದ ಉಡುತಡಿ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇದೆ. ಯುಗಾದಿಯಂದು ಬಳ್ಳಿಗಾವಿಯ ಅಲ್ಲಮನ ನೆನಪು, ಅಕ್ಷಯ ತದಿಗೆಗೆ ಬಸವ ಜಯಂತಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬೆಯ ಜಾತ್ರೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಜಾತ್ರೆಗಳು ಈ ತಾಲ್ಲೂಕುಗಳ ಹೊರಗಿದ್ದರೂ ಸೊರಬದವರ ಬೇಸಿಗೆಯ ಲೆಕ್ಕದಲ್ಲಿ ಅವುಗಳಿಗೆ ಖಚಿತ ಜಾಗವಿದೆ, ಏಕೆಂದರೆ ವೃತ್ತಿ ನಾಟಕ ಕಂಪನಿಗಳು ಡೇರೆ ಹಾಕುವುದು, ತೊಟ್ಟಿಲು ಮತ್ತು ಸರ್ಕಸ್ಸು ಬೀಡುಬಿಡುವುದು ಆ ಜಾತ್ರೆಗಳಲ್ಲಿ. ತಿಥಿಯನ್ನು ನೆಚ್ಚಿದ ಈ ವ್ಯವಸ್ಥೆಗೆ ಒಂದು ದೊಡ್ಡ ಗುಣವಿದೆ: ಯಾವ ಇಲಾಖೆ ಮರೆತರೂ, ಅನುದಾನ ಬಾರದಿದ್ದರೂ ತೇರು ಹೊರಡುತ್ತದೆ. ಅದರ ಕೊರತೆಯೆಂದರೆ ತಿಥಿಯಿಲ್ಲದ ದಿನಗಳು ಪೂರ್ತಿ ಖಾಲಿ ಬೀಳುವುದು. ಒಂದೇ ವಾರದಲ್ಲಿ ನಾಲ್ಕು ಊರುಗಳಲ್ಲಿ ಜನ ಹಂಚಿಹೋಗುವಷ್ಟು ಕೂಟಗಳಿದ್ದು, ಮುಂದಿನ ಎರಡು ವಾರ ಒಂದೂ ಇಲ್ಲದಿರುವುದು ಇಲ್ಲಿ ಸಾಮಾನ್ಯ.

ಈ ಕೂಟಗಳು ಎಲ್ಲಿ ನಡೆಯುತ್ತವೆ ಎಂಬ ಪ್ರಶ್ನೆಗೆ ವಿಮರ್ಶಕರು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ. ತಾಲ್ಲೂಕು ಕೇಂದ್ರದ ಕ್ರೀಡಾಂಗಣ, ಹೈಸ್ಕೂಲು ಮೈದಾನ, ದೇವಸ್ಥಾನದ ಅಂಗಳಗಳನ್ನು ಬಿಟ್ಟರೆ ಹಳ್ಳಿಗಳ ಬಹುಪಾಲು ಆಟ ಮತ್ತು ಬಯಲಾಟಗಳ ರಂಗಭೂಮಿ ಕೊಯ್ಲಾದ ಭತ್ತದ ಗದ್ದೆ. ಪೌಷ ಮಾಘಗಳಲ್ಲಿ ಗದ್ದೆಯ ಕೆಸರು ಒಣಗಿ ಗಟ್ಟಿಯಾಗುತ್ತದೆ, ಕೂಳೆಯನ್ನು (ಕೊಯ್ದ ಮೇಲೆ ಉಳಿಯುವ ಪೈರಿನ ಬುಡವನ್ನು) ದನಗಳು ಮೇಯುತ್ತವೆ, ಉಳಿದುದನ್ನು ಹುಡುಗರು ಸಲಿಕೆಯಿಂದ ಕೆತ್ತಿ ಹಾಕುತ್ತಾರೆ. ಎರಡು ಗದ್ದೆಗಳ ನಡುವಿನ ಬದುವು ನೋಡುವವರಿಗೆ ಕೂರುವ ಕಟ್ಟೆಯಾಗುತ್ತದೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಇರುವ ಒಂದೆರಡು ಅಡಿಯ ಇಳಿಜಾರು ಹಿಂದಿನ ಸಾಲಿನವರಿಗೂ ವೇಷ ಕಾಣುವಂತೆ ಮಾಡುತ್ತದೆ. ಯಕ್ಷಗಾನದ ನಾಲ್ಕು ಕಂಬಗಳ ರಂಗಸ್ಥಳ, ಕಬಡ್ಡಿಯ ಸುಣ್ಣದ ಗೆರೆ, ಟೆನಿಸ್ ಬಾಲ್ ಕ್ರಿಕೆಟ್ಟಿನ ಮ್ಯಾಟು ಮೂರಕ್ಕೂ ಅದೇ ನೆಲ. ಗದ್ದೆಯ ಒಡೆಯ ಬಾಡಿಗೆ ಕೇಳುವುದಿಲ್ಲ. ಕೇಳಿದರೆ ಊರು ಅದನ್ನು ಮರೆಯುವುದಿಲ್ಲ. ಹೀಗೆ ಪಹಣಿಯಲ್ಲಿ ಒಬ್ಬರ ಹೆಸರಿನಲ್ಲಿರುವ ನೆಲ ವರ್ಷದ ಮೂರು ನಾಲ್ಕು ತಿಂಗಳು ಎಲ್ಲರ ಬಯಲಾಗುವ ಈ ಅಲಿಖಿತ ಒಪ್ಪಂದವು ಈ ಸೀಮೆಯ ಬೇಸಿಗೆಯ ಸಂಸ್ಕೃತಿಗೆ ಸಿಕ್ಕಿರುವ ಅತಿ ದೊಡ್ಡ ಅನುದಾನ. ಯಾವ ಅಕಾಡೆಮಿಯ ಲೆಕ್ಕಪತ್ರದಲ್ಲೂ ಅದು ಕಾಣಿಸುವುದಿಲ್ಲ.

ಆ ಅನುದಾನ ಈಗ ಕರಗುತ್ತಿದೆ. ಅಡಿಕೆಯ ಧಾರಣೆ ಏರಿದಂತೆಲ್ಲ ಸೊರಬದ ಗದ್ದೆಬಯಲುಗಳೂ ಶಿಕಾರಿಪುರದ ನೀರಾವರಿ ಭೂಮಿಗಳೂ ತೋಟಗಳಾಗುತ್ತಿವೆ. ಭತ್ತದಲ್ಲಿ ಕೂಲಿಯೂ ಗಿಟ್ಟದ ರೈತ ಅಡಿಕೆ ಸಸಿ ನೆಟ್ಟರೆ ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಭತ್ತದ ಗದ್ದೆ ವರ್ಷಕ್ಕೊಮ್ಮೆ ಬಯಲಾಗುತ್ತದೆ, ಅಡಿಕೆ ತೋಟ ಎಂದೂ ಆಗುವುದಿಲ್ಲ. ತೋಟಕ್ಕೆ ಬೇಲಿ ಬರುತ್ತದೆ, ಅಗಳ ಬರುತ್ತದೆ, ಬೇಸಿಗೆಯಲ್ಲೇ ನೀರು ಹಾಯಿಸಬೇಕಾಗುತ್ತದೆ. ಕೊಳವೆಬಾವಿ ಬಂದ ಕಡೆ ಬೇಸಿಗೆಯಲ್ಲೂ ಎರಡನೇ ಬೆಳೆ ಬಂದು ಅದೇ ಪರಿಣಾಮವಾಗುತ್ತದೆ. ಇದರ ಫಲವಾಗಿ ಹಳ್ಳಿಯ ಪಂದ್ಯಗಳು ರಸ್ತೆ ಬದಿಯ ಇಕ್ಕಟ್ಟಿಗೆ, ಶಾಲೆಯ ಅಂಗಳಕ್ಕೆ, ಕೊನೆಗೆ ತಾಲ್ಲೂಕು ಕೇಂದ್ರಕ್ಕೆ ಸರಿಯುತ್ತವೆ. ಹಾಗೆ ಸರಿದ ಪಂದ್ಯಕ್ಕೆ ಅದೇ ಊರಿನ ಅಜ್ಜಿಯೂ ಎಂಟು ವರ್ಷದ ಹುಡುಗಿಯೂ ನಡೆದು ಬರಲಾರರು. ಗದ್ದೆಯಂಚಿನ ಕಬಡ್ಡಿಯನ್ನು ಮನೆಯ ಜಗುಲಿಯಿಂದ ಇಳಿದು ಬಂದು ನೋಡುತ್ತಿದ್ದ ಹೆಂಗಸರು ಪೇಟೆಯ ಹೊನಲು ಬೆಳಕಿನ ಪಂದ್ಯಕ್ಕೆ ಬರುವುದಿಲ್ಲ ಎಂಬುದನ್ನು ಸಂಘಟಕರು ಅಭಿರುಚಿಯ ಬದಲಾವಣೆ ಎಂದು ವಿವರಿಸುವುದುಂಟು. ಅಭಿರುಚಿ ಬದಲಾಗಿಲ್ಲ, ನೆಲ ದೂರವಾಗಿದೆ.

ಗದ್ದೆಯ ಜೊತೆಗೆ ಈ ಸೀಮೆಯ ಇನ್ನೊಂದು ಬೇಸಿಗೆಯ ಅಂಗಳ ಕೆರೆ. ಅಲ್ಲಿ ನಡೆಯುವ ಕೆರೆಬೇಟೆಯು ಕಲೆ, ಕ್ರೀಡೆ, ಕೂಟ ಎಂಬ ಮೂರು ವಿಭಾಗಗಳಲ್ಲಿ ಯಾವುದಕ್ಕೂ ಪೂರ್ತಿ ಒಗ್ಗದೆ ಮೂರನ್ನೂ ಒಳಗೊಂಡಿರುವುದರಿಂದ ಹೆಚ್ಚು ವಿವರವಾದ ವಿಮರ್ಶೆಗೆ ಅರ್ಹವಾಗಿದೆ. ಸೊರಬ, ಸಾಗರ, ಶಿಕಾರಿಪುರ ಭಾಗದ ಹಳ್ಳಿಗಳಲ್ಲಿ ಬೇಸಿಗೆ ಬಲಿತು ಕೆರೆಯ ನೀರು ತೊಡೆಮಟ್ಟಕ್ಕೋ ಮೊಣಕಾಲುಮಟ್ಟಕ್ಕೋ ಇಳಿದಾಗ, ಊರಿನ ಸಮಿತಿ ಒಂದು ದಿನವನ್ನು ಗೊತ್ತುಮಾಡಿ ಸುತ್ತಲಿನ ಊರುಗಳಿಗೆ ಸುದ್ದಿ ಮುಟ್ಟಿಸುತ್ತದೆ. ಆ ದಿನ ನೂರಾರು ಜನ ಒಟ್ಟಿಗೆ ಕೆರೆಗಿಳಿದು ಮೀನು ಹಿಡಿಯುವುದೇ ಕೆರೆಬೇಟೆ. ಹಿಡಿಯುವ ಸಾಧನ ಕೂಣಿ. ಬಿದಿರಿನ ದಬ್ಬೆಗಳನ್ನು ಸುತ್ತಲೂ ಸೇರಿಸಿ ಬಳ್ಳಿಯಿಂದಲೋ ದಾರದಿಂದಲೋ ಹೆಣೆದ, ಕೆಳಬಾಯಿ ಅಗಲವಾಗಿಯೂ ಮೇಲ್ಬಾಯಿ ತೋಳು ತೂರುವಷ್ಟು ಕಿರಿದಾಗಿಯೂ ಇರುವ, ತಳವಿಲ್ಲದ ಬುಟ್ಟಿ ಅದು. ಬೇಟೆಗಾರ ಅದನ್ನು ಎರಡು ಕೈಯಲ್ಲಿ ಹಿಡಿದು ಹೆಜ್ಜೆಗೊಮ್ಮೆ ಕೆಸರಿಗೆ ಒತ್ತುತ್ತ ಸಾಗುತ್ತಾನೆ. ಮೀನು ಒಳಗೆ ಸಿಕ್ಕಿದ್ದರೆ ಅದು ದಬ್ಬೆಗೆ ಬಡಿಯುವುದು ಅಂಗೈಗೆ ತಿಳಿಯುತ್ತದೆ. ಆಗ ಕೂಣಿಯನ್ನು ಕಾಲಿನಿಂದ ಒತ್ತಿ ಹಿಡಿದು, ಮೇಲ್ಬಾಯಿಯಲ್ಲಿ ತೋಳು ಇಳಿಸಿ, ಕಲಕಿದ ನೀರಿನಲ್ಲಿ ಕಣ್ಣಿಗೆ ಏನೂ ಕಾಣದಿದ್ದರೂ ಮೀನಿನ ಕಿವಿರಿನ ಹಿಂದಕ್ಕೇ ಬೆರಳು ಹಾಕಿ ಎತ್ತಬೇಕು. ಕೆಸರಿನ ಗುಳ್ಳೆ, ಜೊಂಡಿನ ಅಲುಗಾಟ, ಪಕ್ಕದವನ ಕೂಣಿಗೆ ಬೆದರಿ ಮೀನು ತಿರುಗುವ ದಿಕ್ಕು ಇವೆಲ್ಲವನ್ನೂ ಓದುವ ಜಾಣ್ಮೆ ಅದರಲ್ಲಿದೆ. ಅದು ಶಿಬಿರದಲ್ಲಿ ಕಲಿಸಿ ಬರುವಂಥದಲ್ಲ. ಅಪ್ಪನ ಹಿಂದೆ ಚೀಲ ಹಿಡಿದು ನಡೆದ ಮಗನಿಗೆ ಕೆಲವು ಬೇಸಿಗೆಗಳಲ್ಲಿ ಬರುತ್ತದೆ.

ಕೆರೆಬೇಟೆಯ ಮೇಲ್ಮೆ ಎಲ್ಲಿದೆಯೆಂದರೆ ಅಲ್ಲಿ ಪ್ರೇಕ್ಷಕನೆಂಬ ವರ್ಗ ಬಹಳ ಸಣ್ಣದು. ಜಾತ್ರೆಯಲ್ಲಿ ಸಾವಿರ ಜನ ನೋಡುತ್ತಾರೆ, ಕೆಲವರು ತೇರೆಳೆಯುತ್ತಾರೆ. ಕಬಡ್ಡಿ ಪಂದ್ಯದಲ್ಲಿ ಹದಿನಾಲ್ಕು ಜನ ಆಡುತ್ತಾರೆ, ಉಳಿದವರು ಕೂಗುತ್ತಾರೆ. ಕೆರೆಬೇಟೆಯಲ್ಲಿ ಬಂದವರಲ್ಲಿ ಹೆಚ್ಚಿನವರು ಮೈಕೈ ಕೆಸರು ಮಾಡಿಕೊಳ್ಳುತ್ತಾರೆ. ಪೂಜೆ ಮುಗಿದು ಸೂಚನೆ ಸಿಕ್ಕೊಡನೆ ದಂಡೆಯ ಉದ್ದಕ್ಕೂ ನಿಂತ ಜನ ಒಮ್ಮೆಲೆ ನೀರಿಗೆ ನುಗ್ಗುವಾಗ ಮುಂದೆ ಯಾರು, ಹಿಂದೆ ಯಾರು ಎಂಬ ಸಭಾಮರ್ಯಾದೆ ಉಳಿಯುವುದಿಲ್ಲ. ಕೂಣಿಯೊಂದಕ್ಕೆ ಇಂತಿಷ್ಟು ಎಂದು ಸಮಿತಿ ಶುಲ್ಕ ಪಡೆಯುತ್ತದೆ; ಆ ಹಣ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಸಲ್ಲುತ್ತದೆ. ಬಹುಮಾನವಿಲ್ಲ, ಟ್ರೋಫಿಯಿಲ್ಲ, ಸನ್ಮಾನವಿಲ್ಲ. ಸಿಕ್ಕ ಮೀನು ಸಿಕ್ಕವನದು, ಆ ರಾತ್ರಿ ಅವನ ಮನೆಗೆ ನೆಂಟರು ಖಚಿತ. ಬೇರೆ ತಾಲ್ಲೂಕಿನಿಂದ ಬೈಕಿನ ಹಿಂದೆ ಕೂಣಿ ಕಟ್ಟಿಕೊಂಡು ಬಂದ ಅಪರಿಚಿತನಿಗೂ ಶುಲ್ಕ ಕೊಟ್ಟ ಕ್ಷಣದಿಂದ ಊರಿನವನಷ್ಟೇ ಹಕ್ಕು. ಪರಿಚಯವಿಲ್ಲದವರಿಗೆ ಬಾಗಿಲು ಇಷ್ಟು ಸಲೀಸಾಗಿ ತೆರೆಯುವ ಇನ್ನೊಂದು ಕೂಟವನ್ನು ಈ ಸೀಮೆಯಲ್ಲಿ ತೋರಿಸುವುದು ಕಷ್ಟ. 2024ರಲ್ಲಿ ತೆರೆಕಂಡ, ಇದೇ ಹೆಸರಿನ ಕನ್ನಡ ಚಲನಚಿತ್ರದಿಂದ ಕೆರೆಬೇಟೆಯ ಪರಿಚಯ ರಾಜ್ಯದ ಉಳಿದ ಭಾಗಕ್ಕೂ ಆಯಿತು, ಮತ್ತು ಅದು ಆಗಬೇಕಾಗಿದ್ದ ಕೆಲಸ.

ಆದರೆ ಮೆಚ್ಚುಗೆಯು ಕೆರೆಬೇಟೆಯ ಈಗಿನ ಸ್ಥಿತಿಯನ್ನು ಮರೆಮಾಚಬಾರದು. ಸುದ್ದಿ ಮೊಬೈಲಿನಲ್ಲಿ ಹರಡುವಂತಾದ ಮೇಲೆ ಸುತ್ತಲಿನ ಹತ್ತು ಹಳ್ಳಿಗಳ ಬದಲು ಹಲವು ತಾಲ್ಲೂಕುಗಳ ಜನ ಬರುತ್ತಾರೆ, ಕೆರೆ ಮಾತ್ರ ಅಷ್ಟೇ ಇರುತ್ತದೆ. ಶುಲ್ಕದಿಂದ ಬರುವ ಹಣದ ಆಸೆಗೆ ಮಿತಿಯಿಲ್ಲದೆ ಕೂಣಿಗಳನ್ನು ಇಳಿಸಿದಾಗ ಮೀನಿಗಿಂತ ಕೂಣಿ ಹೆಚ್ಚಾಗಿ, ಬರಿಗೈಯಲ್ಲಿ ದಡಕ್ಕೆ ಬಂದವರು ಸಂಘಟಕರ ಮೇಲೆ ಸಿಟ್ಟಾಗುವ, ಹಣ ವಾಪಸು ಕೇಳುವ ಪ್ರಸಂಗಗಳು ಹುಟ್ಟುತ್ತವೆ. ಆಗ ಕೂಟವು ಕೂಟವಾಗಿ ಉಳಿಯದೆ ಟಿಕೆಟು ಕೊಂಡವನ ವ್ಯವಹಾರವಾಗುತ್ತದೆ. ಕೆರೆಯ ಮೀನಿನ ಹಕ್ಕು ಹರಾಜಾಗಿ, ಕಾಟ್ಲಾ, ರೋಹು ಮರಿಗಳನ್ನು ಬಿಟ್ಟು ಸಾಕುವ ಪದ್ಧತಿ ಬಂದ ಮೇಲೆ, ಬೇಟೆಗೆ ಕೆರೆಯನ್ನು ಬಿಡಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ಗುತ್ತಿಗೆಯ ಲೆಕ್ಕವೂ ಸೇರಿಕೊಂಡಿದೆ. ಕುಚ್ಚಿನಂಥ ಕೆಸರಿನ ಮೀನುಗಳ ಸಂತಾನ ಮುಂದಿನ ಮಳೆಗೆ ಉಳಿಯಬೇಕಾದರೆ ಕೆರೆಯ ಒಂದು ಮೂಲೆಯನ್ನಾದರೂ ಮುಟ್ಟದೆ ಬಿಡಬೇಕು. ಇದನ್ನು ಹಿರಿಯರು ಬಲ್ಲರು, ಜನಸಂದಣಿ ಕೇಳುವುದಿಲ್ಲ. ಹೆಂಗಸರ ಪಾಲು ಇಲ್ಲಿಯೂ ಬಹುಮಟ್ಟಿಗೆ ದಡದ ಮೇಲಿನದೇ ಮತ್ತು ಆ ಬಳಿಕದ ಅಡುಗೆಯದೇ. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಕೂಣಿಗಳ ಸಂಖ್ಯೆಗೆ ಮಿತಿ ಹಾಕುವುದು, ಶುಲ್ಕದ ಒಂದು ಪಾಲನ್ನು ಅದೇ ಕೆರೆಯ ಹೂಳೆತ್ತುವುದಕ್ಕೆ ಮೀಸಲಿಡುವುದು ಯಾವ ಸಮಿತಿಯ ಕೈಯಳತೆಗೂ ಮೀರಿದ ಕೆಲಸವಲ್ಲ.

ಈ ಭಾಗದ ಅತಿ ಜನಪ್ರಿಯ ಕ್ರೀಡೆ ಯಾವುದು ಎಂದು ಕೇಳಿದರೆ ಹೆಚ್ಚಿನವರು ಹೋರಿ ಹಬ್ಬದ ಹೆಸರನ್ನೇ ಹೇಳುತ್ತಾರೆ. ದೀಪಾವಳಿಯಲ್ಲಿ ಮೊದಲಾಗಿ ಚಳಿಗಾಲದುದ್ದಕ್ಕೂ ಊರೂರು ಸುತ್ತಿ ಬೇಸಿಗೆಯ ಬಾಗಿಲಿನವರೆಗೆ ಬರುವ ಈ ಸ್ಪರ್ಧೆಯಲ್ಲಿ, ಒಣಕೊಬ್ಬರಿಯ ಹಾರ, ಬಲೂನು, ಜೂಲಗಳಿಂದ ಅಲಂಕರಿಸಿದ ಹೋರಿಯನ್ನು ಅಖಾಡದಲ್ಲಿ ಓಡಿಸುತ್ತಾರೆ, ಇಕ್ಕೆಲದಲ್ಲಿ ನಿಂತ ಯುವಕರು ಕೊಬ್ಬರಿಯನ್ನು ಕೀಳಲು ಮುಗಿಬೀಳುತ್ತಾರೆ. ಕೊಬ್ಬರಿ ಬಿಡದೆ ಪಾರಾದ ಹೋರಿಗೆ ಗೆಲುವು. ಸಾಕಿದವನು ಮನೆಮಂದಿಗಿಂತ ಚೆನ್ನಾಗಿ ಅದನ್ನು ನೋಡಿಕೊಳ್ಳುತ್ತಾನೆ, ಅಭಿಮಾನಿ ಬಳಗಗಳು ಅದರ ಹೆಸರಿನ ಅಂಗಿ ತೊಡುತ್ತವೆ. ಜಲ್ಲಿಕಟ್ಟಿನ ಮೇಲಿನ ಸುಪ್ರೀಂ ಕೋರ್ಟಿನ 2014ರ ತೀರ್ಪಿನ ಬಳಿಕ ಕರ್ನಾಟಕವು 2017ರಲ್ಲಿ ಕಂಬಳ ಮತ್ತು ಎತ್ತಿನ ಓಟಗಳಿಗಾಗಿ ಕಾನೂನು ತಿದ್ದುಪಡಿ ಮಾಡಿತು; 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಚರ್ಚೆಯೆಲ್ಲ ಪ್ರಾಣಿಯ ಹಿಂಸೆಯ ಸುತ್ತಲೇ ನಡೆದುದರಿಂದ ನೋಡಲು ಬಂದವರ ಪ್ರಾಣದ ಪ್ರಶ್ನೆ ಹಿಂದೆ ಸರಿಯಿತು. ಹೋರಿ ತಿವಿದು ಪ್ರೇಕ್ಷಕರು ಸತ್ತ ಘಟನೆಗಳು ಈ ಎರಡೂ ತಾಲ್ಲೂಕುಗಳ ನೆನಪಿನಲ್ಲಿವೆ. ಗಟ್ಟಿ ಬೇಲಿ, ಆ್ಯಂಬುಲೆನ್ಸ್, ಪ್ರೇಕ್ಷಕರ ಅಂತರ ಇಲ್ಲದೆ ಅಖಾಡ ತೆರೆಯುವುದನ್ನು ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸಲಾಗದು. ಮನೆಯ ಒಬ್ಬನೇ ದುಡಿಯುವ ಮಗ ಹೋದ ಮೇಲೆ ಆ ಮನೆಗೆ ಹಬ್ಬ ಮತ್ತೆ ಬರುವುದಿಲ್ಲ.

ಯಕ್ಷಗಾನದ ವಿಚಾರದಲ್ಲಿ ಸಮಸ್ಯೆ ಬೇರೆ ಬಗೆಯದು. ನವೆಂಬರಿನಿಂದ ಮೇ ಅಂತ್ಯದವರೆಗೆ ತಿರುಗಾಟದಲ್ಲಿರುವ ಬಡಗುತಿಟ್ಟಿನ ಮೇಳಗಳು, ಅಂದರೆ ಉತ್ತರ ಕನ್ನಡ ಮತ್ತು ಕುಂದಾಪುರ ಭಾಗದ ಶೈಲಿಯಲ್ಲಿ ಆಡುವ ತಂಡಗಳು, ಸೊರಬದ ಕಡೆಗೆ ಹೆಚ್ಚಾಗಿಯೂ ಶಿಕಾರಿಪುರದ ಕಡೆಗೆ ಕಡಿಮೆಯಾಗಿಯೂ ಬರುತ್ತವೆ. ಪೂರ್ವಕ್ಕೆ ಹೋದಂತೆ ಡೊಳ್ಳು, ಭಜನೆ, ಸಾಮಾಜಿಕ ನಾಟಕಗಳ ಬಲ ಹೆಚ್ಚುತ್ತದೆ. ಇಡೀ ರಾತ್ರಿಯ ಆಟದ ಬದಲು ನಾಲ್ಕೈದು ತಾಸಿನಲ್ಲಿ ಮುಗಿಯುವ ಕಾಲಮಿತಿ ಆಟಗಳು ಈಚಿನ ವರ್ಷಗಳಲ್ಲಿ ಹೆಚ್ಚಿರುವುದನ್ನು ಬಹುಮಂದಿ ಪ್ರೇಕ್ಷಕಸ್ನೇಹಿ ಸುಧಾರಣೆಯೆಂದು ಸ್ವಾಗತಿಸಿದ್ದಾರೆ. ಮಾರನೆಯ ದಿನ ಕೆಲಸಕ್ಕೆ ಹೋಗುವವರಿಗೆ, ಧ್ವನಿವರ್ಧಕದ ತೊಂದರೆ ಅನುಭವಿಸುವ ನೆರೆಯವರಿಗೆ, ನಿದ್ದೆಗೆಟ್ಟು ಕುಣಿಯುವ ಕಲಾವಿದರಿಗೆ ಅದರಿಂದ ಅನುಕೂಲವಾದುದು ನಿಜ. ಆದರೆ ಹಳೆಯ ಆಟವು ಸಂಜೆಯ ಕೊನೆಯ ಬಸ್ಸಿಗೆ ಬಂದವರನ್ನು ಬೆಳಗಿನ ಮೊದಲ ಬಸ್ಸಿಗೆ ಬಿಟ್ಟುಕೊಡುತ್ತಿತ್ತು. ಚಾಪೆ, ಕಂಬಳಿ, ಮಗು ಎಲ್ಲದರೊಡನೆ ಬಂದ ಹೆಂಗಸರು ಅಲ್ಲೇ ಒರಗಿ, ಚೆಂಡೆಯ ಪೆಟ್ಟಿಗೆ ಎಚ್ಚರಾಗಿ, ಬೆಳಗಾಗುವ ಹೊತ್ತಿನ ಮಂಗಳದವರೆಗೆ ಇರುತ್ತಿದ್ದರು. ನಡುರಾತ್ರಿಗೆ ಮುಗಿಯುವ ಆಟ ಸ್ವಂತ ವಾಹನವಿದ್ದವರಿಗೆ ಮಾತ್ರ ಅನುಕೂಲ. ಉಳಿದವರು ಕತ್ತಲಲ್ಲಿ ದಾರಿಯಲ್ಲೇ ಉಳಿಯುತ್ತಾರೆ, ಇಲ್ಲವೇ ಬರುವುದನ್ನೇ ಬಿಡುತ್ತಾರೆ. 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಖಾಸಗಿ ಬಸ್ಸುಗಳೇ ಹೆಚ್ಚು ಓಡುವ ಈ ಭಾಗದ ಅನೇಕ ದಾರಿಗಳಲ್ಲಿ ಅದರ ಫಲ ಅರ್ಧಕ್ಕೆ ನಿಂತಿದೆ. ಕಲೆಯ ಅವಧಿಯನ್ನು ಮೊಟಕು ಮಾಡಿದವರು ಸಾರಿಗೆಯ ವೇಳೆಯನ್ನೂ ಅದಕ್ಕೆ ಹೊಂದಿಸಬೇಕಾಗಿತ್ತು.

ಸಾರ್ವಜನಿಕ ಸಂಸ್ಥೆಯೊಂದು ಕಲೆಯನ್ನು ಹೇಗೆ ನೋಡಬಹುದು ಎಂಬುದಕ್ಕೆ ಮಾದರಿಯನ್ನು ಈ ಸೀಮೆ ಹೊರಗಿನಿಂದ ತರಬೇಕಾಗಿಲ್ಲ. ಬಳ್ಳಿಗಾವಿಯ ಕೇದಾರೇಶ್ವರಕ್ಕೆ ಸೇರಿದ, ಕಾಳಾಮುಖ ಶೈವರ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ನಾಟಕಗಳ ಅಧ್ಯಯನ ನಡೆಯುತ್ತಿದ್ದುದನ್ನು ಹೇಳುತ್ತದೆ. ಅದರ ಜೊತೆಗೇ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಸಿಗುವ ನಿತ್ಯದ ಅನ್ನವು ಕಥೆಗಾರರಿಗೆ, ಗಾಯಕರಿಗೆ, ವಾದ್ಯಗಾರರಿಗೆ, ನಟರಿಗೆ, ವೈತಾಳಿಕರಿಗೂ ಸಿಗುತ್ತಿತ್ತು ಎಂದು ಸಾರುತ್ತದೆ, ರೋಗಿಗಳ ಚಿಕಿತ್ಸೆಯ ತಾಣವೆಂದೂ ಹೊಗಳುತ್ತದೆ. ಕಲಾವಿದನ ಹೊಟ್ಟೆಪಾಡು ದಾನಿಯ ಹುಕಿಗೆ ಬಿಟ್ಟ ಸಂಗತಿಯಲ್ಲ, ಸಂಸ್ಥೆಯ ದೈನಂದಿನ ಹೊಣೆ ಎಂಬ ತಿಳಿವಳಿಕೆ ಈ ಮಣ್ಣಿನಲ್ಲಿ ಎಂಟೂವರೆ ಶತಮಾನಗಳ ಹಿಂದೆಯೇ ಕಲ್ಲಿನ ಮೇಲೆ ನಿಂತಿತ್ತು. ಮದ್ದಳೆಯ ಅಲ್ಲಮನ ಊರೂ ಇದೇ. ಇಂದು ಆ ಬಳ್ಳಿಗಾವಿಗೆ ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಪುರಾತತ್ವ ಇಲಾಖೆ ಒಪ್ಪವಾಗಿ ಇಟ್ಟ ಹುಲ್ಲುಹಾಸು, ಕೇದಾರೇಶ್ವರದ ಮೂರು ಗರ್ಭಗುಡಿಗಳು, 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ, ನೀಲಿ ಫಲಕ. ಕೇಳುವುದು ಏನೂ ಇಲ್ಲ. ಕುಬಟೂರಿನ ಕೈಟಭೇಶ್ವರದಲ್ಲಿಯೂ ತಾಳಗುಂದದ ಪ್ರಣವೇಶ್ವರದಲ್ಲಿಯೂ ಸ್ಥಿತಿ ಇದೇ. ಸ್ಮಾರಕದ ರಕ್ಷಣೆ ಚೆನ್ನಾಗಿ ಆಗಿದೆ, ಸ್ಮಾರಕವು ಒಮ್ಮೆ ಸಾಕಿದ ವಿದ್ಯೆಗಳಿಗೆ ಅಲ್ಲಿ ಜಾಗವಿಲ್ಲ. ಪ್ರವಾಸದ ಪಟ್ಟಿಗಳ ಅಜಾಗರೂಕತೆಗೆ ಇನ್ನೊಂದು ನಿದರ್ಶನ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮ. ಹಕ್ಕಿಗಳು ಅಲ್ಲಿ ಗೂಡುಕಟ್ಟುವುದು ಮುಂಗಾರಿನಿಂದ ಚಳಿಗಾಲದ ಆರಂಭದವರೆಗೆ, ಆದರೆ ಅದನ್ನು ಬೇಸಿಗೆ ರಜೆಯ ತಾಣವಾಗಿ ಶಿಫಾರಸು ಮಾಡಿ ಮಕ್ಕಳನ್ನು ಖಾಲಿ ಮರಗಳ ಮುಂದೆ ನಿಲ್ಲಿಸುವವರಿದ್ದಾರೆ. ಬೇಸಿಗೆಗೆ ನಿಜವಾಗಿ ಒಪ್ಪುವ ತಾಣ ಸೊರಬದ ಕಾನುಗಳು, ಊರಿನವರು ತಲೆಮಾರುಗಳಿಂದ ಕಾದುಕೊಂಡ, ನೀರಿನ ಸೆಲೆ ಮತ್ತು ದೇವರ ಬನಗಳಿರುವ ನಿತ್ಯಹಸಿರು ಕಾಡಿನ ತುಣುಕುಗಳು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳ ಮೇಲೆಯೇ ಪ್ರತ್ಯೇಕ ವರದಿ ಬರೆದಿದ್ದರು. ಅಂಥ ಕಾನಿನಲ್ಲಿ ಗಿಡಮರ ಬಲ್ಲ ಹಿರಿಯರೊಬ್ಬರೊಡನೆ ನಡೆಯುವ ಒಂದು ಬೆಳಗು ಇಂದಿನ ಯಾವ ಪ್ರವಾಸಿ ಪಟ್ಟಿಯಲ್ಲೂ ಇಲ್ಲ.

ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಹಳ್ಳಿಯೊಂದು ತನ್ನ ರಂಗಮಂದಿರವನ್ನು ತಾನೇ ನಡೆಸಬಲ್ಲದು ಎಂಬುದನ್ನು ತೋರಿಸಿಕೊಟ್ಟಿದೆ. 1985ರಿಂದ ಅದರ ತಿರುಗಾಟ ತಂಡ ಕರೆದ ಊರುಗಳಿಗೆಲ್ಲ ಹೋಗುತ್ತಿದೆ. ಕರೆಯುವ ಸಂಘವಿದ್ದ ಊರಿಗೆ ನಾಟಕ ಬರುತ್ತದೆ. ಶಿಕಾರಿಪುರ, ಸೊರಬಗಳಿಗೆ ಹೆಗ್ಗೋಡಿನಷ್ಟು ದೊಡ್ಡ ಸಂಸ್ಥೆ ಬೇಕೆಂದು ಬಯಸುವುದು ಅವಾಸ್ತವವಾದೀತು. ವರ್ಷವೂ ತಪ್ಪದೆ ಕರೆಯುವ, ಕರೆದು ಊಟ ಹಾಕುವ, ಊರಿನ ಶಾಲೆಯ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಒಂದೊಂದು ಬಳಗವಿದ್ದರೆ ಸಾಕು.

ಜಾತ್ರೆ, ಹಬ್ಬಗಳು ತಲೆತಲಾಂತರದಿಂದ ಬಂದವು, ಅವುಗಳಲ್ಲಿ ಏನನ್ನೂ ಬದಲಿಸಲಾಗದು ಎಂಬ ವಾದವನ್ನು ಈ ನೆಲದ ಇತಿಹಾಸವೇ ಅಲ್ಲಗಳೆಯುತ್ತದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ವಿರೋಧಿಸಿದರು. 1986ರ ಮಾರ್ಚಿನ ಘರ್ಷಣೆಯ ಬಳಿಕ ಅದು ನಿಷೇಧವಾಯಿತು. ಜಾತ್ರೆ ನಿಲ್ಲಲಿಲ್ಲ, ದೇವಿಯ ಮೇಲಿನ ಭಕ್ತಿಯೂ ಕುಂದಲಿಲ್ಲ. ಬಡ ಹೆಣ್ಣುಮಕ್ಕಳ ಮಾನವನ್ನು ಬಲಿಕೊಡುವ ಒಂದು ಆಚರಣೆ ಮಾತ್ರ ಹೋಯಿತು. ಹೆಂಗಸರಿಗೆ ಬೆಳಕಿರುವ ದಾರಿ, ಶೌಚಾಲಯ, ಕೂರುವ ಜಾಗ ಒದಗಿಸುವುದು ಅದರ ಮುಂದೆ ಅತಿ ಸಣ್ಣ ಬದಲಾವಣೆ.

ಮಕ್ಕಳ ಬೇಸಿಗೆ ಶಿಬಿರಗಳನ್ನೂ ಯಾರು ಬರಬಲ್ಲರು, ಯಾರು ಬರಲಾರರು ಎಂಬ ದೃಷ್ಟಿಯಿಂದಲೇ ತೂಗಬೇಕು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ರಜೆ. ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವ ಶಿಬಿರಗಳು ಬಹುತೇಕ ಶುಲ್ಕದವು. ಚಿತ್ರಕಲೆ, ನೃತ್ಯ, ಕರಾಟೆ, ಚೆಸ್ ಎಂಬ ಒಂದೇ ಪಟ್ಟಿ ಎಲ್ಲ ಕಡೆಯೂ ಇರುತ್ತದೆ. ಸಾಗರ, ಸೊರಬಗಳ ಗುಡಿಗಾರರ ಕೆತ್ತನೆ, ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬಿಡಿಸುವ ಹಸೆ ಚಿತ್ತಾರ, ಊರಿನ ಡೊಳ್ಳಿನ ತಂಡದ ಗತ್ತುಗಳು ಆ ಪಟ್ಟಿಗೆ ಸೇರುವುದು ಅಪರೂಪ, ಕಲಿಸಬಲ್ಲವರು ಪಕ್ಕದ ಕೇರಿಯಲ್ಲೇ ಇದ್ದರೂ. ಶುಂಠಿ ಹೊಲಕ್ಕೆ, ತೋಟದ ಕೆಲಸಕ್ಕೆ ತಾಯಿತಂದೆಯರು ಹೋಗುವ ಮನೆಗಳ ಮಕ್ಕಳಿಗೆ ಶಿಬಿರದ ಶುಲ್ಕವೂ ಪೇಟೆಯ ಬಸ್ಸೂ ಎರಡೂ ದೂರ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ರೂಪುಗೊಂಡ ಮೇಲೆ ಅಲ್ಲಿ ಉಚಿತ ಬೇಸಿಗೆ ಶಿಬಿರಗಳು ಆರಂಭವಾಗಿರುವುದು ಈ ಕೊರತೆಗೆ ಸಿಕ್ಕ ಸರಿಯಾದ ಉತ್ತರ. ಸ್ಥಳ ಹತ್ತಿರದ್ದು, ಹಣದ ಮಾತಿಲ್ಲ, ಹುಡುಗಿಯರನ್ನು ಕಳುಹಿಸಲು ಮನೆಯವರು ಹಿಂಜರಿಯುವುದಿಲ್ಲ. ಆ ಕೇಂದ್ರದ ಗೋಡೆಯ ಮೇಲೆ ಸುತ್ತಲಿನ ಹತ್ತು ಹಳ್ಳಿಗಳ ಆ ತಿಂಗಳ ತೇರು, ಆಟ, ಪಂದ್ಯ, ಕೆರೆಬೇಟೆಗಳ ದಿನವನ್ನು, ಮುಗಿಯುವ ಹೊತ್ತನ್ನು, ಬಸ್ಸಿನ ವೇಳೆಯನ್ನು ಬರೆದು ಹಾಕುವ ಕೆಲಸವನ್ನು ಶಿಬಿರದ ಮಕ್ಕಳಿಗೇ ವಹಿಸಬಹುದು. ಗ್ರಂಥಾಲಯದ ಮೇಲ್ವಿಚಾರಕರಿಗೆ ಅದರಿಂದ ಹೆಚ್ಚಿನ ಖರ್ಚು ಬೀಳುವುದಿಲ್ಲ, ಸಮಿತಿಗಳು ಕರಪತ್ರದ ಒಂದು ಪ್ರತಿಯನ್ನು ಅಲ್ಲಿಗೂ ಕಳುಹಿಸಿದರಾಯಿತು.